ಬಾಗಿಲ ಮೇಲಿನ ಹೆಸರು

"ಲಿಲಿತ್, ಒಳಗೆ ಬರಬೇಡ" ಎಂದು ಬರೆದ ತಾಯಿತದ ಹಾಳೆಯನ್ನು ಫ್ರೇಹಾಳ ಅತ್ತೆ ಹೆರಿಗೆ ಕೋಣೆಯ ಬಾಗಿಲಿಗೆ ಅಂಟಿಸಿದಳು.

"ಹೋದ ಸಲ ಕೂಸನ್ನ ನುಂಗಿದ್ದು ಆ ರಾಕ್ಷಸಿ ಲಿಲಿತೇ," ಎಂದ ಫ್ರೇಹಾಳ ಗಂಡ ಮಸ್ಸೂದ್, ಹೊರಗೆ ನೆರೆದ ನೆಂಟರಿಗೆಲ್ಲ ಕೇಳುವಂತೆ.

ಹೋದ ಸಲ ಅವಳ ತುಂಬು ಬಸುರಿನ ಹೊಟ್ಟೆಗೆ ಒದ್ದವನು ಅವನೇ. ಆಗ ಫೆಜ್ ಊರಿನ ಯಹೂದಿ ಕೇರಿಯೆಲ್ಲ ಲಿಲಿತಳನ್ನು ಶಪಿಸುವಾಗ ಫ್ರೇಹಾ ತುಟಿ ಕಚ್ಚಿಕೊಂಡು ಮಲಗಿದ್ದಳು. ಈಗ ಹೆರಿಗೆ ನೋವಿನಲ್ಲೇ ಗೋಡೆ ಹಿಡಿದು ಎದ್ದು ಬಾಗಿಲಿಗೆ ಬಂದಳು. ಒಲೆಯ ಇದ್ದಿಲಿನಿಂದ ಹಾಳೆಯಲ್ಲಿದ್ದ ಲಿಲಿತಳ ಹೆಸರು ಹೊಡೆದುಹಾಕಿ, 'ಮಸ್ಸೂದ್' ಎಂದು ದಪ್ಪಗೆ ಬರೆದಳು.

"ಹುಚ್ಚು ಹಿಡೀತೇನೇ?" ಗಂಡ ಕೈ ಎತ್ತಿದ.

"ಒದ್ದೋನು ನೀನು, ಬೈಸಿಕೊಂಡೋಳು ಅವಳು. ಓದು, ಎಲ್ಲರೂ ಕೇಳಲಿ!"

"ನೀನು ಒದ್ದೆಯೇನೋ?" ಎಂದಳು ಅತ್ತೆ. ಮಗ ನೆಲ ನೋಡಿದ. ಅವನನ್ನು ಹೊರಗೆ ನೆಂಟರ ನಡುವೆ ದೂಡಿ, ಫ್ರೇಹಾಳನ್ನು ಕೋಣೆಯೊಳಗೆ ಕರೆದೊಯ್ದು, ಅತ್ತೆಯೇ ಒಳಗಿನಿಂದ ಅಗುಳಿ ಹಾಕಿದಳು.