ಮೈಕು ಕೇಳಿಸಿಕೊಂಡಿದ್ದು

ಟೇಪ್ ರೆಕಾರ್ಡರು ಹಳೆಯ ರೀಲನ್ನು ಜಗಿದು ಚಿಂದಿ ಮಾಡಿದಾಗಲೂ ರೇಣು ಹೆದರಲಿಲ್ಲ. ದೌಂಡದ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಾಗ ಅಪ್ಪ ಮಾತಾಡಿ ಅವ್ವನಿಗೆ ಕಳಿಸಿದ್ದ ಒಂದೇ ಕ್ಯಾಸೆಟ್ ಅದು. ಅಪ್ಪ ಈಗಿಲ್ಲ. ಆದರೆ ಅಷ್ಟೂ ಮಾತು ಕಂಪ್ಯೂಟರಿಗೆ ಇಳಿದಿತ್ತಲ್ಲ; ಪರದೆಯ ಮೇಲೆ ಹಸಿರು ಅಲೆಗಳು ಏಳುವುದನ್ನು ಅವಳೇ ನೋಡಿದ್ದಳು.

ಪ್ಲೇ ಒತ್ತಿದಳು. ಕೆಳಗೆ ಬೀದಿಯಲ್ಲಿ ತರಕಾರಿ ಮಾರುವ ಭಾಜಿವಾಲಾ ಮರಾಠಿಯಲ್ಲಿ ಕೂಗಿದ್ದು ಕೇಳಿಸಿತು, ಆಮೇಲೆ ಫ್ಯಾನಿನ ಗುಂಯ್‌ಗುಡುವ ಸದ್ದು. ಅಪ್ಪನ ದನಿ ಇಲ್ಲ. ಸೆಟ್ಟಿಂಗ್ ತೆರೆದರೆ, ಟೇಪಿನಿಂದ ಬಂದ ವೈರಿನ ಹೆಸರಿನ ಮುಂದೆ ಹಾಕಬೇಕಿದ್ದ ಟಿಕ್ ಗುರುತು ಮೈಕಿನ ಹೆಸರಿನ ಮುಂದೆ ಇತ್ತು. ಮೇಜಿನ ಮೇಲಿದ್ದ ಮೈಕು ಬರೀ ಈ ಕೋಣೆಯನ್ನು ಕೇಳಿಸಿಕೊಂಡಿತ್ತು. ಅಪ್ಪನ ಮಾತು ಹೋಗಿದ್ದು ಆಗ ಪಕ್ಕದಲ್ಲಿ ಟೇಪ್ ರೆಕಾರ್ಡರಿನ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಅವ್ವನ ಕಿವಿಗೆ ಮಾತ್ರ.

“ಬಂತೇನ್ ರೇಣು, ಅವರ ಮಾತು?” ಅಡುಗೆಮನೆಯಿಂದ ಅವ್ವ ಕೇಳಿದಳು.

ಇನ್ನೂ ಓಡುತ್ತಿದ್ದ ರೆಕಾರ್ಡಿಂಗ್ ನಿಲ್ಲಿಸಲು ರೇಣು ಮೌಸಿನ ಮೇಲೆ ಕೈಯಿಟ್ಟಳು. ಅಷ್ಟರಲ್ಲಿ ಸ್ಪೀಕರಿನಲ್ಲಿ ಅವ್ವನದೇ ದನಿ, ಯಾರಿಗೂ ಕೇಳಿಸಬಾರದು ಎನ್ನುವಷ್ಟು ಮೆಲ್ಲಗೆ ಬಂತು.

“ಹೂಂ... ಅರಾಮ ಅದೀನ್ರಿ.”

ಮತ್ತೆ ಬಹಳ ಹೊತ್ತು ಬರೀ ಫ್ಯಾನು.

“ನಂದು ಊಟ ಆತ್ರಿ. ನಿಮ್ದು?”