ನೆಗೊಂಬೊದಿಂದ ಬಂದ ಸೊಸೆ

ಅಮ್ಮ ಸತ್ತ ಸುದ್ದಿ ಬಂದಾಗ ದಿಲ್ರುಕ್ಷಿ ಕಾಸರಕೋಡಿನ ದಂಡೆಯಲ್ಲಿ ಬಲೆಯ ಮೇಲೆ ಒಣಗಲು ಹರವಿದ್ದ ಮೀನು ಮಗುಚುತ್ತಿದ್ದಳು. ಶ್ರೀಲಂಕಾದ ನೆಗೊಂಬೊದಿಂದ ಅವಳ ಅಣ್ಣ ಫೋನು ಮಾಡಿದ್ದ. ಸೀಮೆಎಣ್ಣೆಗೆಂದು ಬೆಳಗಿನಿಂದ ಸಾಲಿನಲ್ಲಿ ನಿಂತಿದ್ದ ಅಮ್ಮ ಬಿಸಿಲಿಗೆ ಕುಸಿದು ಬಿದ್ದಳಂತೆ. ಆಸ್ಪತ್ರೆಗೆ ಒಯ್ಯೋಣವೆಂದರೆ ಅಲ್ಲಿದ್ದ ಯಾವ ರಿಕ್ಷಾದಲ್ಲೂ ಪೆಟ್ರೋಲಿರಲಿಲ್ಲವಂತೆ. ಹಿಂದೆ ನಿಂತಿದ್ದ ಯಾರೋ ಪುಣ್ಯಾತ್ಮರು ಅವಳ ಕ್ಯಾನು ತುಂಬಿಸಿ ಮನೆಗೆ ಮುಟ್ಟಿಸಿದರು, ಈಗ ಬಂದವರಿಗೆ ಆ ಎಣ್ಣೆಯಲ್ಲೇ ಒಲೆ ಹಚ್ಚಿ ಚಹಾ ಕಾಯಿಸುತ್ತಿದ್ದೇವೆ ಎಂದು ಹೇಳುತ್ತ ಅಣ್ಣ ಅತ್ತುಬಿಟ್ಟ.

ಪಕ್ಕದಲ್ಲಿ ಮೀನು ಆರಿಸುತ್ತಿದ್ದ ಅತ್ತೆ ಹೊನ್ನಿ ಅವಳ ಮುಖ ನೋಡಿ, ಎಂತ ಆತು ಎಂದು ಕೇಳಿದಳು.

"ಅಮ್ಮ" ಎಂದಳು ದಿಲ್ರುಕ್ಷಿ. ಸಿಂಹಳದಲ್ಲೂ ಕನ್ನಡದಲ್ಲೂ ಆ ಮಾತು ಒಂದೇ. ಹೊನ್ನಿ ಮುಂದೇನೂ ಕೇಳದೆ ಅವಳ ಕೈಹಿಡಿದು ಮನೆಗೆ ಕರೆದುಕೊಂಡು ಬಂದಳು.

ಮಸ್ಕತ್ತಿನ ಒಂದೇ ಮನೆಯಲ್ಲಿ ದಿಲ್ರುಕ್ಷಿ ಅಡುಗೆಗೆ, ಹೊನ್ನಿಯ ಮಗ ರವೀಂದ್ರ ಕಾರು ಓಡಿಸಲಿಕ್ಕೆ ಇದ್ದರು. ಮದುವೆಯಾಗಿ ಅವಳನ್ನು ಇಲ್ಲಿ ತಂದು ಬಿಟ್ಟು ಅವನು ಮರಳಿ ಹೋಗಿದ್ದ. ಅವಳ ಹೆಸರು ಯಾರ ನಾಲಿಗೆಗೂ ಹೊರಳದೆ ಕೇರಿಗೆಲ್ಲ ರುಕ್ಮಿಯಾಗಿದ್ದಳು. ಸಂಜೆ ರವೀಂದ್ರ ಫೋನಿನಲ್ಲಿ ಬಹಳ ಹೊತ್ತು ಸಮಾಧಾನ ಹೇಳಿದ. ಊರಿಗೆ ಹೋಗಿ ಬಾ ಎನ್ನಲಿಲ್ಲ, ಅವಳೂ ಕೇಳಲಿಲ್ಲ. ನವೀಕರಣಕ್ಕೆ ಕಳಿಸಿದ್ದ ಅವಳ ಪಾಸ್‌ಪೋರ್ಟು ಇನ್ನೂ ಕೈಸೇರಿರಲಿಲ್ಲ.

ಮರುದಿನ ಕೇರಿಯ ಹೆಂಗಸರು ಬಂದು ಕೂತರು. ಈ ಕಡೆ ಸತ್ತವರನ್ನು ನೆನೆದು ಅಳುವುದೆಂದರೆ ಮಾತು ಹೇಳಿಕೊಂಡೇ ಅಳುವುದು. ಸತ್ತವಳು ಏನು ಉಣಿಸಿದ್ದಳು, ಯಾವಾಗ ಬೈದಿದ್ದಳು ಎಂಬುದನ್ನೆಲ್ಲ ಎಳೆದು ಎಳೆದು ಹಾಡಿದ ಹಾಗೆ. ದಿಲ್ರುಕ್ಷಿಗೆ ಬರುತ್ತಿದ್ದುದು ಮೀನಿನ ಕನ್ನಡ, ಅಂಗಡಿಯ ಕನ್ನಡ. ಅದರಲ್ಲಿ ಅಳಲು ಸಾಕಾಗುವಷ್ಟು ಮಾತಿರಲಿಲ್ಲ. ತನ್ನ ಮಾತಿನಲ್ಲಿ ಅತ್ತರೆ ಯಾರಿಗೂ ತಿಳಿಯುವಂತಿರಲಿಲ್ಲ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿದಳು.

ಸುಮ್ಮನಿರಲಾರದೆ ಪಕ್ಕದ ಮನೆಯ ದೇವಿ ತಾನು ಟಿವಿಯಲ್ಲಿ ಕಂಡದ್ದನ್ನು ತೆಗೆದಳು. ಅಲ್ಲಿ ಗ್ಯಾಸಿಲ್ಲವಂತೆ, ಮಕ್ಕಳಿಗೆ ಹಾಲಿನಪುಡಿಯೂ ಇಲ್ಲವಂತೆ, ಇಡೀ ದೇಶವೇ ಮುಳುಗಿ ಹೋಯಿತಂತೆ, ಹೌದಾ ಎಂದು ಕೇಳಿದಳು. ದಿಲ್ರುಕ್ಷಿ ತಾನೇ ಏನೋ ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿದಳು.

"ಸತ್ತದ್ದು ದೇಶ ಅಲ್ಲ ದೇವಿ, ಇವ್ಳ ಅಮ್ಮ" ಎಂದಳು ಹೊನ್ನಿ.

ಮಧ್ಯಾಹ್ನ ಅಣ್ಣ ಅಂತ್ಯಕ್ರಿಯೆ ತೋರಿಸುತ್ತೇನೆಂದು ವಿಡಿಯೊ ಕರೆ ಮಾಡಿದ. ಅಂಗಳ ಕಂಡಿತು, ಯಾರ್‍ಯಾರದೋ ಕಾಲುಗಳು ಕಂಡವು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರ ಬೆನ್ನುಗಳು ಕಂಡು, ಅಷ್ಟಕ್ಕೇ ಚಿತ್ರ ನಿಂತುಹೋಯಿತು. ಅಲ್ಲಿ ಕರೆಂಟು ಹೋಗಿ ಫೋನಿನ ಟವರೂ ನಿಂತಿತ್ತು. ಅಮ್ಮನ ಮುಖ ಕಾಣಲೇ ಇಲ್ಲ. ಆ ಬೆನ್ನುಗಳನ್ನೇ ನೋಡುತ್ತ ಅವಳು ಬಹಳ ಹೊತ್ತು ಕೂತಿದ್ದಳು.

ಕೆಲವು ದಿನಗಳಲ್ಲಿ ಹೆಂಗಸರು ಬರುವುದು ನಿಂತಿತು. ಮೀನು ಕಾಯುವುದಿಲ್ಲವಲ್ಲ, ಅತ್ತೆ ಸೊಸೆ ಮತ್ತೆ ದಂಡೆಗೆ ಹೋಗತೊಡಗಿದರು. ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಬಂದ ಹೊನ್ನಿ, ಸೊಸೆ ದೋಣಿಯ ನೆರಳಲ್ಲಿ ಕೂತು ಫೋನು ಕಿವಿಗಿಟ್ಟುಕೊಂಡಿರುವುದನ್ನು ಕಂಡಳು. ದಿಲ್ರುಕ್ಷಿ ಏನೂ ಮಾತಾಡುತ್ತಿರಲಿಲ್ಲ. ಕಿವಿಯಲ್ಲಿನ ದನಿ ಸಿಂಹಳ ಮುಗಿಸಿ ತಮಿಳಿಗೆ ತಿರುಗಿದ ಕೂಡಲೇ ಕರೆ ಕತ್ತರಿಸುತ್ತಿದ್ದಳು, ಮತ್ತೆ ಅದೇ ನಂಬರು ಒತ್ತುತ್ತಿದ್ದಳು.

ಹೊನ್ನಿ ಪಕ್ಕದಲ್ಲಿ ಕೂತು ಫೋನು ತೆಗೆದುಕೊಂಡು ತನ್ನ ಕಿವಿಗಿಟ್ಟಳು. ಒಬ್ಬ ಹೆಂಗಸು ತಿಳಿಯದ ಭಾಷೆಯಲ್ಲಿ, ತುಂಬ ಮೆತ್ತಗೆ, ಏನೋ ಹೇಳುತ್ತಿದ್ದಳು.

"ಯಾರೇ ಇದು? ನಿಮ್ ಪೈಕಿಯವ್ಳಾ?"

"ಅಲ್ಲ. ಅಮ್ಮನ ನಂಬರು."

"ಎಂತ ಹೇಳ್ತದೆ ಅದು?"

ದಿಲ್ರುಕ್ಷಿ ಕನ್ನಡದ ಮಾತು ಹುಡುಕುತ್ತ ನಿಧಾನವಾಗಿ ಹೇಳಿದಳು:

"ಈಗ ಸಿಕ್ಕೂದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿ ಅಂತ ಹೇಳ್ತದೆ."