ಕುಂಕುಮವಿಟ್ಟ ಗಡಿಕಲ್ಲು

ನಗರದ ಗಡಿಕಲ್ಲುಗಳು ದಿನಕ್ಕೆ ನಾಲ್ಕು ಹೆಜ್ಜೆ ನಡೆಯುತ್ತಿದ್ದವು. ಅವು ದಾಟಿದ ನೆಲವೆಲ್ಲ ಪಾಲಿಕೆಗೆ ಸೇರುತ್ತಿತ್ತು. ಒಂದು ಬೆಳಿಗ್ಗೆ ಪುಟ್ಟತಾಯಮ್ಮನ ಕೊಟ್ಟಿಗೆ ಬಾಗಿಲಿಗೇ ಒಂದು ಕಲ್ಲು ಬಂದು ನಿಂತಿತ್ತು. ನಗರದೊಳಗೆ ಎಮ್ಮೆ ಸಾಕುವಂತಿಲ್ಲ. ಕಲ್ಲು ಇನ್ನು ನಾಲ್ಕು ಹೆಜ್ಜೆ ಇಟ್ಟರೆ ಪಾಲಿಕೆಯವರು ಆಕೆಯ ಎಮ್ಮೆ ಕಾಳಿಯನ್ನು ಹೊಡೆದುಕೊಂಡು ಹೋಗುತ್ತಾರೆ.

ಆಕೆ ತಡಮಾಡಲಿಲ್ಲ. ಕಲ್ಲಿಗೆ ನೀರೆರೆದು, ಅರಿಶಿನ ಬಳಿದು, ಕುಂಕುಮವಿಟ್ಟು, ದಾಸವಾಳ ಮುಡಿಸಿ ಕಾಯಿ ಒಡೆದಳು.

ಪಾಲಿಕೆಯ ಸರ್ವೇಯರ್ ಭುಜಬಲಿ ಬಂದವನೇ, "ಇದು ಸರ್ಕಾರಿ ಕಲ್ಲು, ಅಳಿಸ್ರಮ್ಮ" ಎಂದ.

"ಧೈರ್ಯ ಇದ್ರೆ ನೀನೇ ಅಳಿಸಪ್ಪ."

ಭುಜಬಲಿ ಬೂಟು ಬಿಚ್ಚಿ, ಕೈಮುಗಿದು ಹೊರಟುಹೋದ. ದೇವರಾದ ಮೇಲೆ ಕಲ್ಲು ಕದಲುವುದುಂಟೇ?

ಅದೇನೋ ಕದಲಲಿಲ್ಲ. ಆದರೆ ಸುದ್ದಿ ಮುಟ್ಟಿದ್ದೇ ತಡ, ಉಳಿದ ಮೂವತ್ತೊಂಬತ್ತು ಕಲ್ಲುಗಳೂ ನಾಲ್ಕು ಹೆಜ್ಜೆಯ ಶಿಸ್ತು ಮರೆತು ಓಡೋಡಿ ಬಂದು, ಮಧ್ಯಾಹ್ನದ ಹೊತ್ತಿಗೆ ಕೊಟ್ಟಿಗೆಯ ಸುತ್ತ ಬರಿಹಣೆಯಲ್ಲಿ ಕಾಯುತ್ತ ನಿಂತಿದ್ದವು.

ಮತ್ತೆ ಓಡಿಬಂದ ಭುಜಬಲಿ ತಲೆ ಮೇಲೆ ಕೈಹೊತ್ತು ಕೂತ. "ಅಮ್ಮಾ, ಊರೆಲ್ಲ ಗಡಿಯಿಂದ ಹೊರಗಾಯ್ತು. ಈಗ ನಗರದೊಳಗೆ ಉಳಿದಿರೋದು ನಿಮ್ಮ ಎಮ್ಮೆ ಒಂದೇ!"

"ಹಂಗಾದ್ರೆ ಮೇಯರ್ ನಮ್ಮ ಕಾಳಿನೇ ಕಣಪ್ಪ," ಎಂದಳು ಪುಟ್ಟತಾಯಮ್ಮ, ಅರಿಶಿನ ಕಲಸುತ್ತಾ. "ಎಮ್ಮೆ ಸಾಕಬಾರದು ಅನ್ನೋ ಕಾನೂನಿಗೆ ಅವಳ ಹತ್ರನೇ ಸಹಿ ಹಾಕಿಸ್ಕೊ. ಬೂಟು ಬಿಚ್ಚಿಟ್ಟು ಒಳಗೆ ಹೋಗು."